ಮೈಕ್ ಬದಲಿಸುವ ಮೊದಲು ಬೆನ್ನ ಹಿಂದೆ ನೋಡಿ

ಮನೆಯಲ್ಲಿ ಧ್ವನಿಮುದ್ರಿಸಿದ ಹಾಡನ್ನು ಮಿಕ್ಸಿಂಗ್‌ಗೆಂದು (ಧ್ವನಿ, ವಾದ್ಯಗಳನ್ನು ಹದವಾಗಿ ಬೆರೆಸಲೆಂದು) ನನಗೆ ಕಳುಹಿಸುವವರು ಜೊತೆಗೊಂದು ಪ್ರಶ್ನೆಯನ್ನೂ ಕಳುಹಿಸುತ್ತಾರೆ: 'ಸರ್, ಧ್ವನಿ ಕೊಡದೊಳಗಿಂದ ಬಂದಂತಿದೆ. ಯಾವ ಮೈಕ್ ಕೊಳ್ಳಲಿ?' ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಗೆ ಮೈಕಿನ ಹೆಸರು ಹೇಳಿ ಉತ್ತರಿಸಬೇಕಾದ ಸಂದರ್ಭ ತೀರ ಅಪರೂಪ.

ಒಬ್ಬ ಗಾಯಕಿ ಒಂದೇ ವರ್ಷದಲ್ಲಿ ಸೆಕೆಂಡ್‌ಹ್ಯಾಂಡ್ ಮೈಕುಗಳನ್ನು ಮೂರು ಸಲ ಬದಲಿಸಿದ್ದರು. ಒಂದನ್ನು ಮಾರುವುದು, ಮೇಲಷ್ಟು ಹಣ ಸೇರಿಸಿ ಇನ್ನೊಂದನ್ನು ತರುವುದು. ಮೂರರಲ್ಲೂ ಹಾಡಿದ ಅದೇ ಹಾಡನ್ನು ಕಳುಹಿಸಿ, ಯಾವುದು ಉತ್ತಮ ಎಂದು ಕೇಳಿದರು. ನನಗೆ ಮೂರರಲ್ಲೂ ಕೇಳಿಸಿದ್ದು ಒಂದೇ ಕೋಣೆ. ಕೋಣೆಯ ಫೋಟೋ ತರಿಸಿಕೊಂಡೆ. ಮೈಕ್ ಅವರ ಬಾಯಿಂದ ಎರಡು ಗೇಣು ದೂರದಲ್ಲಿತ್ತು. ಮೈಕಿನಾಚೆಯ ಗೋಡೆಗೆ ತೆಳುವಾದ ಫೋಮ್ ತುಂಡುಗಳನ್ನು ಬಹಳ ಅಚ್ಚುಕಟ್ಟಾಗಿ ಅಂಟಿಸಿದ್ದರು. ಅವರ ಬೆನ್ನ ಹಿಂದೆ ಮಾತ್ರ ಬೋಳು ಗೋಡೆ, ಗಾಜಿನ ಕಿಟಕಿ.

ಎಷ್ಟು ಸಲ ಹೇಳಿದರೂ ಜನರಿಗೆ ಹಿಡಿಸದ ವಿಷಯ ಇದೇ. ಹಾಡುಗಾರಿಕೆಗೆ ಸಾಮಾನ್ಯವಾಗಿ ಬಳಸುವ ಕಾರ್ಡಿಯಾಯ್ಡ್ ಮೈಕ್ ಎದುರಿನದನ್ನು ಚೆನ್ನಾಗಿ ಕೇಳುತ್ತದೆ, ಹಿಂಬದಿಯದನ್ನು ಬಹಳ ಕಡಿಮೆ. ಅದರ ಎದುರಿಗೆ ಇರುವವರು ನೀವು. ನಿಮ್ಮನ್ನು ದಾಟಿದರೆ ನಿಮ್ಮ ಹಿಂದಿನ ಗೋಡೆ. ನಿಮ್ಮ ಸ್ವರ ಮುಂದಿನ ಗೋಡೆಗೆ ಬಡಿದು ಮರಳುವಾಗ ಮೈಕಿನ ಹಿಂಬದಿಯಿಂದ ಬರುತ್ತದೆ. ಅಲ್ಲಿ ಮೈಕ್ ಹೆಚ್ಚುಕಡಿಮೆ ಕಿವುಡು. ಅದೇ ಸ್ವರ ನಿಮ್ಮನ್ನು ದಾಟಿ ಹಿಂದಿನ ಗೋಡೆಗೆ ತಾಗಿ ಹಿಂತಿರುಗಿದಾಗ ನೇರ ಮೈಕಿನ ಮುಖಕ್ಕೇ ಬರುತ್ತದೆ. ಆದ್ದರಿಂದ ದಪ್ಪ ರಜಾಯಿಯನ್ನು ತೂಗುಹಾಕಬೇಕಾದದ್ದು ಹಾಡುವವರ ಬೆನ್ನ ಹಿಂದೆ. ಮೈಕಿನ ಹಿಂದಲ್ಲ. ಮೈಕ್ ಏನನ್ನು ನೋಡುತ್ತಿದೆ ಎಂದು ತಿಳಿಯಬೇಕಾದರೆ ಅದರ ಜಾಗದಲ್ಲಿ ನಿಮ್ಮ ತಲೆಯನ್ನಿಟ್ಟು ನೋಡಿ. ಕಣ್ಣಿಗೆ ಬೀಳುವ ಗೋಡೆಯನ್ನೇ ಮುಚ್ಚಬೇಕು. ಎಲ್ಲ ದಿಕ್ಕಿನಿಂದಲೂ ಕೇಳುವ ಓಮ್ನಿ ಮೈಕ್‌ಗೆ ಈ ಮಾತು ಸಲ್ಲುವುದಿಲ್ಲ. ಬಹಳ ಚಿಕ್ಕ ಕೋಣೆಯಾದರೆ ಪಕ್ಕದ ಗೋಡೆಗಳನ್ನೂ ಗಮನಿಸಬೇಕಾದೀತು.

ಇನ್ನು ದೂರ. ಬಾಯಿಗೂ ಮೈಕಿಗೂ ನಡುವಿನ 40 ಸೆಂಟಿಮೀಟರ್ ಅಂತರವನ್ನು 20ಕ್ಕೆ ಇಳಿಸಿದರೆ ನೇರ ಸ್ವರ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಅನುರಣನ, ಅಂದರೆ ಗೋಡೆಗಳಿಂದ ಮರಳುವ ಸದ್ದು, ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಈಗ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಅಷ್ಟೇ ಇಳಿಸಿ, ಕೋಣೆ ಹಿಂದೆ ಸರಿಯುತ್ತದೆ. ಹತ್ತಿರ ಬಂದಷ್ಟೂ ಮಂದ್ರ ದಪ್ಪವಾಗುತ್ತದೆ, 'ಪ' ಕಾರ 'ಬ' ಕಾರಗಳು ಸಿಡಿಯುತ್ತವೆ. ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಇಟ್ಟುಕೊಂಡು, ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಓರೆಯಾಗಿಸಿ.

ವೇದಿಕೆಯಲ್ಲಿ ಕೈಯಲ್ಲಿ ಹಿಡಿದು ಹಾಡುವ ಬಗೆಯ ಡೈನಾಮಿಕ್ ಮೈಕ್ ಕೋಣೆಯ ಸದ್ದನ್ನು ಹಿಡಿಯುವುದೇ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಹಾಗೇನಿಲ್ಲ. ಅದನ್ನು ಬಾಯಿಗೆ ಹತ್ತಿರ ಹಿಡಿದು ಹಾಡುವುದು ರೂಢಿ, ಆದ್ದರಿಂದ ಹಾಗೆ ತೋರುತ್ತದೆ. ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಬಳಸುವ ಸೂಕ್ಷ್ಮ ಬಗೆಯ ಕಂಡೆನ್ಸರ್ ಮೈಕನ್ನು ಇಟ್ಟಷ್ಟೇ ದೂರದಲ್ಲಿ ಅದನ್ನೂ ಇಟ್ಟು ಗೇನ್ ಏರಿಸಿದರೆ ಕೋಣೆ ಅಲ್ಲೂ ಹಾಜರಾಗುತ್ತದೆ.

ಫೋಮ್ ವಿಷಯ ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅದಕ್ಕೆ ಹಣ ಕೊಡುವವರು ಬಹುತೇಕ ಕೈ ಬಿಗಿ ಇರುವವರೇ. 100 ಹರ್ಟ್ಸ್‌ನ ತಗ್ಗು ಸ್ವರದ ತರಂಗ ಸುಮಾರು ಮೂರೂವರೆ ಮೀಟರ್ ಉದ್ದ. ಒಂದಂಗುಲದ ಫೋಮ್ ಅದನ್ನು ತಡೆಯಲಾರದು. ಅದು ಮೇಲಿನ ಹೊಳಪನ್ನಷ್ಟೇ ನುಂಗಿ ಕೆಳಗಿನ ಗುಂಯ್‌ಗಾಟವನ್ನು ಹಾಗೆಯೇ ಉಳಿಸುತ್ತದೆ, ಧ್ವನಿ ಇನ್ನಷ್ಟು ಮಂಕಾಗುತ್ತದೆ. ಮೊಟ್ಟೆಯ ಟ್ರೇ ಅಂತೂ ಬೇಡವೇ ಬೇಡ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಂತು ಹಾಡಿ. ಅದು ಈ ಫೋಮ್‌ಗಿಂತ ಎಷ್ಟೋ ಮೇಲು.

ಹಳೆಯ ಸಾಮಾನು ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. 1966ರಿಂದ ಮಾರುಕಟ್ಟೆಯಲ್ಲಿರುವ ಡೈನಾಮಿಕ್ ಮೈಕ್ ಶೂರ್ ಎಸ್‌ಎಂ58ನ ಜಾಲರಿ ನೆಗ್ಗಿದ್ದರೂ ಚಿಂತೆಯಿಲ್ಲ, ಜಾಲರಿಯನ್ನು ಬದಲಿಸಬಹುದು; ಆದರೆ ನಕಲಿಗಳು ಬಹಳ, ಎಚ್ಚರವಿರಲಿ. ಕಂಡೆನ್ಸರ್ ಮೈಕನ್ನು 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್) ಕೊಟ್ಟು ಕೆಲವು ನಿಮಿಷ ಕೇಳದೆ ಹಣ ಕೊಡಬೇಡಿ. ತೇವ ತಗುಲಿದ್ದರೆ ಚಿಟಪಟ ಸದ್ದು ಬರಬಹುದು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್ಫೇಸ್ ಕೊಳ್ಳುವಾಗ ನಿಮ್ಮ ಕಂಪ್ಯೂಟರಿಗೆ ಅದರ ಡ್ರೈವರ್ ತಂತ್ರಾಂಶ ಈಗಲೂ ಸಿಗುತ್ತದೆಯೇ ಎಂದು ಮೊದಲೇ ನೋಡಿ. ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ಲಿನದು ಎಷ್ಟೇ ಅಗ್ಗವಾಗಿ ಸಿಕ್ಕರೂ ಹೊಸ ಕಂಪ್ಯೂಟರುಗಳಲ್ಲಿ ಅದಕ್ಕೆ ಕಿಂಡಿಯೇ ಇಲ್ಲ. ಗುಬುಟು ತಿರುಗಿಸಿದಾಗ ಕರಕರ ಎಂದರೆ ಹಲವು ಸಲ ಅದು ಬರೀ ಧೂಳು, ಆದರೂ ಬೆಲೆ ಇಳಿಸಿ ಕೇಳಬಹುದು.

ಆ ಗಾಯಕಿ ಕಿಟಕಿಗೂ ಗೋಡೆಗೂ ಎರಡು ರಜಾಯಿ ಇಳಿಬಿಟ್ಟು, ಒಂದು ಗೇಣು ದೂರದಲ್ಲಿ ನಿಂತು ಮತ್ತೆ ಹಾಡಿ ಕಳುಹಿಸಿದರು. ಕಣ್ಣು ಮುಚ್ಚಿ ಕೇಳಿದೆ, ಆ ಕೋಣೆ ಎಲ್ಲೂ ಅಡ್ಡ ಬರಲಿಲ್ಲ. ಸಿಕ್ಕಷ್ಟಕ್ಕೆ ಕೊಟ್ಟುಬಿಟ್ಟ ಮೊದಲನೆಯ ಡೈನಾಮಿಕ್ ಮೈಕನ್ನು ಅವರು ಈಗ ಹುಡುಕಿಸುತ್ತಿದ್ದಾರೆ. ಅವರ ಕಂಠಕ್ಕೆ ಮೂರರಲ್ಲಿ ಹೆಚ್ಚು ಒಪ್ಪುತ್ತಿದ್ದದ್ದು ಅದೇ.