ಸತ್ತ ಫೋನಿನಿಂದ ಫೋಟೋ ಯಾಕೆ ಹೊರಬರುವುದಿಲ್ಲ?

‘ಫೋನ್ ಸತ್ತರೇನಂತೆ, ಮೆಮೊರಿ ಚಿಪ್ ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಎಲ್ಲ ಬರುತ್ತೆ’ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಹಳೆಯ ಆಂಡ್ರಾಯ್ಡ್ ಫೋನುಗಳ ಮಟ್ಟಿಗೆ ಅದು ಬಹುಪಾಲು ನಿಜವಾಗಿತ್ತು. ಈಗಿನ ಫೋನುಗಳ ಮಟ್ಟಿಗೆ ಶುದ್ಧ ಸುಳ್ಳು. ಇದನ್ನು ನಂಬಿ ಬ್ಯಾಕಪ್ ಮಾಡದೆ ಕೂತರೆ ಮಗುವಿನ ಮೊದಲ ವರ್ಷದ ಫೋಟೋಗಳಷ್ಟೂ ಒಂದೇ ದಿನ ಹೋಗುತ್ತವೆ.

ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ನಿಮ್ಮ ಕೀಲಿಯೊಂದರಿಂದಲೇ ಅದು ತೆರೆಯದು, ಬ್ಯಾಂಕಿನವರ ಕೀಲಿಯೂ ಬೇಕು. ಫೋನಿನಲ್ಲಿ ನಿಮ್ಮ ಕೀಲಿ ಎಂದರೆ ಪಿನ್. ಎರಡನೆಯದು ಪ್ರೊಸೆಸರಿನೊಳಗೇ ಅಡಗಿರುವ ಗುಪ್ತಸಂಖ್ಯೆ, ಅದನ್ನು ಹೊರಗಿನಿಂದ ಓದಲಾಗದಂತೆ ಕಟ್ಟಿರುತ್ತಾರೆ. ಎರಡೂ ಕೂಡಿದಾಗಲೇ ಫೋಟೋ ಫೋಟೋವಾಗಿ ಕಾಣುವುದು. ಚಿಪ್ಪನ್ನು ಬೇರೆ ಬೋರ್ಡಿಗೆ ಹಾಕುವುದು ಲಾಕರನ್ನೇ ಕಿತ್ತು ಬೇರೆ ಬ್ಯಾಂಕಿಗೆ ಹೊತ್ತೊಯ್ದಂತೆ. ಒಡೆದು ನೋಡೋಣ ಎಂದರೂ ಒಳಗಿರುವುದು ಬೀಸಿದ ರಾಗಿಹಿಟ್ಟು, ಅದರಿಂದ ತೆನೆ ಕಟ್ಟಲಾಗದು. ಕೀಲಿಯನ್ನು ಊಹಿಸಿ ತೆರೆಯೋಣ ಎಂದರೂ ಆಗದು: 256 ಬಿಟ್ ಕೀಲಿಗಿರುವ ಸಾಧ್ಯತೆಗಳನ್ನು ಬರೆದರೆ 78 ಅಂಕಿಗಳ ಸಂಖ್ಯೆಯಾಗುತ್ತದೆ. ಆಂಡ್ರಾಯ್ಡ್ 10ರೊಂದಿಗೆ ಬಿಡುಗಡೆಯಾದ ಫೋನುಗಳಿಂದ ಹೀಗೆ ಕೀಲಿಯಿಲ್ಲದೆ ಓದಲಾಗದಂತೆ ಬರೆದಿಡುವ ಗೂಢಲಿಪೀಕರಣ (ಎನ್‌ಕ್ರಿಪ್ಶನ್) ಕಡ್ಡಾಯ, ಐಫೋನಿನಲ್ಲಿ ಇನ್ನೂ ಹಳೆಯದು.

256 ಜಿಬಿ ತುಂಬಿದ ಫೋನ್ ರೀಸೆಟ್ ಆದಾಗ ಅಷ್ಟು ಬೇಗ ಖಾಲಿಯಾಗುವುದೂ ಇದರಿಂದಲೇ: ಡೇಟಾವನ್ನು ಒಂದೊಂದಾಗಿ ಅಳಿಸಬೇಕಿಲ್ಲ, ಕೀಲಿ ಅಳಿಸಿದರೆ ಮುಗಿಯಿತು. ರೀಸೆಟ್ ಆದ ಫೋನಿನಿಂದ ಫೋಟೋ ತೆಗೆದುಕೊಡುತ್ತೇವೆ ಎನ್ನುವ ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ. ಅಂದಹಾಗೆ, ತೋಷಿಬಾದ ಫ್ಯೂಜಿಯೊ ಮಸುವೊಕಾ 1984ರಲ್ಲಿ ಜಗತ್ತಿನ ಮುಂದಿಟ್ಟ ಈ ಮೆಮೊರಿಗೆ ‘ಫ್ಲ್ಯಾಶ್’ ಎಂದು ಹೆಸರು ಬಂದದ್ದೇ ಕ್ಯಾಮೆರಾ ಫ್ಲ್ಯಾಶಿನಂತೆ ಥಟ್ಟನೆ ಅಳಿಸಬಲ್ಲದು ಎಂಬ ಕಾರಣಕ್ಕೆ!

ಸತ್ತದ್ದು ಟಚ್ ಮಾತ್ರವಾಗಿ, ಪರದೆ ಕಾಣುತ್ತಿದ್ದರೆ ಒಟಿಜಿ ಅಡಾಪ್ಟರಿಗೆ (ಫೋನಿನ ಚಾರ್ಜಿಂಗ್ ಕಿಂಡಿಗೆ ಯುಎಸ್‌ಬಿ ಸಾಧನ ಜೋಡಿಸುವ ಕೊಂಡಿ) ಮೌಸ್ ಸಿಕ್ಕಿಸಿ ಪಿನ್ ಒತ್ತಬಹುದು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಇದು ನಡೆಯುತ್ತದೆ. ಬೋರ್ಡೇ ಹೋಗಿದ್ದರೆ ಅದೇ ಪ್ರೊಸೆಸರ್, ಅದೇ ಮೆಮೊರಿ ಜೊತೆಯಾಗಿ ಮತ್ತೆ ಜೀವ ಪಡೆಯಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಫೋನಿನಲ್ಲಿದ್ದದ್ದು ತಾನಾಗಿಯೇ ಕ್ಲೌಡಿಗೂ ಹೋಗುವ ಸಿಂಕ್ ಇದೆಯಲ್ಲ ಎನ್ನುತ್ತೀರಾ? ಸಿಂಕ್ ಕನ್ನಡಿ, ಪೆಟ್ಟಿಗೆಯಲ್ಲ. ಗೂಗಲ್ ಫೋಟೋಸ್ ಆ್ಯಪಿನಲ್ಲಿ ಅಳಿಸಿದ ಚಿತ್ರ ಕ್ಲೌಡಿನಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ ಕಸದ ಬುಟ್ಟಿಯಲ್ಲಿ ಉಳಿಯುವುದು 60 ದಿನ, ಐಕ್ಲೌಡಿನಲ್ಲಾದರೆ 30. ಪುಕ್ಕಟೆ ಜಾಗ ಗೂಗಲ್‌ನಲ್ಲಿ 15 ಜಿಬಿ, ಜಿಮೇಲ್ ಕೂಡ ಅದರಲ್ಲೇ. ಐಕ್ಲೌಡಿನಲ್ಲಿ ಬರೀ 5. ಅದು ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ಹಾಗಾಗಿ ಆಂಡ್ರಾಯ್ಡನ್ನು ಯುಎಸ್‌ಬಿಯಲ್ಲಿ ಜೋಡಿಸಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ ಕ್ಯಾಮೆರಾದ ಫೋಟೋಗಳಿರುವ ಡಿಸಿಐಎಂ (DCIM) ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ. ಐಫೋನನ್ನು ಕಂಪ್ಯೂಟರಿಗೆ ಬ್ಯಾಕಪ್ ಮಾಡುವಾಗ ‘ಎನ್‌ಕ್ರಿಪ್ಟ್’ ಗುರುತು ಹಾಕಿ, ಇಲ್ಲದಿದ್ದರೆ ಆರೋಗ್ಯದ ದಾಖಲೆಗಳೂ ಉಳಿಸಿಟ್ಟ ಪಾಸ್‌ವರ್ಡುಗಳೂ ಅದರಲ್ಲಿ ಬರುವುದಿಲ್ಲ.

ಆಂಡ್ರಾಯ್ಡೋ ಐಫೋನೋ ಎಂದು ತೂಗುವವರು ಕ್ಯಾಮೆರಾಗಿಂತ ಮೊದಲು ಇದನ್ನು ನೋಡಬೇಕು: ಇಂದಿನ ಬ್ಯಾಕಪ್ ನಾಳೆಯ ಫೋನಿನಲ್ಲಿ ತೆರೆಯುತ್ತದೆಯೇ? ವಾಟ್ಸ್‌ಆ್ಯಪ್ ಬ್ಯಾಕಪ್ ಆಂಡ್ರಾಯ್ಡಿನಲ್ಲಿ ಗೂಗಲ್ ಖಾತೆಗೆ, ಐಫೋನಿನಲ್ಲಿ ಐಕ್ಲೌಡಿಗೆ ಹೋಗುತ್ತದೆ. ಇದರದ್ದು ಅದಕ್ಕೆ ಆಗದು. ಆಂಡ್ರಾಯ್ಡಿನಿಂದ ‘ಮೂವ್ ಟು ಐಒಎಸ್’ ಎಂಬ ಆ್ಯಪಿನ ಮೂಲಕ ಚಾಟ್ ಸಾಗಿಸಬಹುದು. ಆದರೆ ಐಫೋನ್ ಹೊಸದಾಗಿರಬೇಕು, ಇಲ್ಲವೇ ರೀಸೆಟ್ ಆಗಿರಬೇಕು, ಎರಡರಲ್ಲೂ ಅದೇ ನಂಬರ್ ಇರಬೇಕು. ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟ ಮೇಲೆ ಈ ದಾರಿ ಮುಚ್ಚಿತು.

ಫೋನಿನಲ್ಲಿ ನಂಬರುಗಳ ಜೊತೆ ಕನ್ನಡದಲ್ಲಿ ಹೆಸರು ಬರೆದಿಟ್ಟುಕೊಂಡವರಿಗೆ ಇನ್ನೊಂದು ತೊಡಕಿದೆ. ಈ ಹೆಸರು-ನಂಬರುಗಳನ್ನು ಸಾಗಿಸುವ ಆಂಡ್ರಾಯ್ಡಿನ ವಿಸಿಎಫ್ (VCF) ಕಡತ ಕನ್ನಡದ ಪ್ರತಿ ಬೈಟನ್ನೂ ಸಮಚಿಹ್ನೆ (=) ಹಾಕಿದ ಸಂಕೇತವಾಗಿ ಬರೆಯುವುದುಂಟು. ಅದನ್ನು ಬಿಡಿಸಲಾಗದ ಆ್ಯಪಿನಲ್ಲಿ ‘ಅಮ್ಮ’ 36 ಚಿಹ್ನೆಗಳ ಸಾಲಾಗಿ ಕಾಣುತ್ತಾಳೆ. ಕಡತ ಕೆಟ್ಟಿರುವುದಿಲ್ಲ. ಹಳೇ ಫೋನಿನಲ್ಲೇ ಹೆಸರುಗಳನ್ನು ಗೂಗಲ್ ಖಾತೆಗೆ ಸೇರಿಸಿ, ಐಫೋನಿನಲ್ಲಿ ಅದೇ ಖಾತೆಯ ‘ಕಾಂಟ್ಯಾಕ್ಟ್ಸ್’ ಆನ್ ಮಾಡಿದರೆ ಅಮ್ಮ ಅಮ್ಮನಾಗಿಯೇ ಬರುತ್ತಾಳೆ.