ಚರ್ಚ್ ಕೋರ್ಟು ಬಿಡಿಸಿದರೂ ಕಾನೂನು ಬಿಡದ ಮದುವೆ

ಚರ್ಚ್ ನ್ಯಾಯಾಲಯ ಅಸಿಂಧು, ಅಂದರೆ ಮೊದಲಿನಿಂದಲೇ ಮದುವೆಯಲ್ಲ, ಎಂದು ಘೋಷಿಸಿದ ಮದುವೆಯನ್ನು ದೇಶದ ಕಾನೂನೂ ಹಾಗೆಯೇ ಕಾಣಬೇಕು ಎಂದು ಕೋರಿ ದಕ್ಷಿಣ ಕನ್ನಡ ಕ್ಯಾಥೊಲಿಕ್ ಅಸೋಸಿಯೇಷನ್‌ನ ಮಾಜಿ ಅಧ್ಯಕ್ಷ ಕ್ಲಾರೆನ್ಸ್ ಪಾಯಸ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. 2017ರ ಜನವರಿ 19ರಂದು ಅರ್ಜಿ ವಜಾ ಆಯಿತು. ಜಿಲ್ಲಾ ನ್ಯಾಯಾಲಯದ ಅಧಿಕಾರಕ್ಕೆ ಸಮಾನಾಂತರವಾಗಿ ಚರ್ಚ್ ಕೋರ್ಟು ನಡೆಯಲಾಗದು ಎಂದು 1996ರಲ್ಲೇ ಹೇಳಿದ್ದೇವೆ ಎಂಬುದು ನ್ಯಾಯಪೀಠದ ಉತ್ತರ. ಚರ್ಚ್ ತೀರ್ಪನ್ನೇ ನಂಬಿ ಮರುಮದುವೆಯಾದವರ ತಲೆಯ ಮೇಲೆ ದ್ವಿಪತ್ನಿತ್ವ-ದ್ವಿಪತಿತ್ವದ ಕೇಸಿನ ಕತ್ತಿ ಹಾಗೆಯೇ ಉಳಿಯಿತು.

ಸಾಮಾನ್ಯ ವಿಶ್ವಾಸಿಯ ಮದುವೆಗೆ ಕ್ಯಾಥೊಲಿಕ್ ಚರ್ಚಿನ ಒಳಗಿನ ಕಾನೂನಾದ ಕ್ಯಾನನ್ ಕಾನೂನು ಇಷ್ಟು ಬಿಗಿಯಾಗಿ ಕೈಹಾಕಿದ್ದು 1563ರಲ್ಲಿ, ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ್ದ ಟ್ರೆಂಟ್ ಮಹಾಸಭೆಯಿಂದ. ಅದಕ್ಕೂ ಮೊದಲು ಹೆಣ್ಣು ಗಂಡು ಗುಟ್ಟಾಗಿ ಒಪ್ಪಿಕೊಂಡರೂ ಮದುವೆ ಸಿಂಧುವೇ. ಆಮೇಲೆ ಒಬ್ಬರು 'ಆಗಿಯೇ ಇಲ್ಲ' ಎಂದರೆ ಸಾಕ್ಷಿ ಹೇಳಲು ಯಾರೂ ಇರುತ್ತಿರಲಿಲ್ಲ. ಅದಕ್ಕಾಗಿ ಧರ್ಮಕೇಂದ್ರದ ಗುರು ಮತ್ತು ಇಬ್ಬರು ಸಾಕ್ಷಿಗಳು ಕಡ್ಡಾಯವಾದರು. ಕ್ಯಾನನ್ ಕಾನೂನಿನ 1917ರ ಸಂಹಿತೆಯೂ ಈಗ ಜಾರಿಯಲ್ಲಿರುವ 1983ರ ಸಂಹಿತೆಯೂ ಅದನ್ನು ಉಳಿಸಿಕೊಂಡಿವೆ.

'ನಾನು ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದೇನೆ, ನನಗೇಕೆ ಇದು?' ಎನ್ನುವವರಿದ್ದಾರೆ. ಸಂಹಿತೆಯ 11ನೇ ಕ್ಯಾನನ್ (ನಿಯಮ) ಪ್ರಕಾರ ಕ್ಯಾಥೊಲಿಕ್ ದೀಕ್ಷಾಸ್ನಾನ ಪಡೆದು 7 ವರ್ಷ ತುಂಬಿದ, ಬುದ್ಧಿ ತಿಳಿದ ಎಲ್ಲರೂ ಧರ್ಮಸಭೆಯ (ಚರ್ಚಿನ) ನಿಯಮಕ್ಕೆ ಒಳಪಡುತ್ತಾರೆ. ವಿಧಿವತ್ತಾಗಿ ಧರ್ಮಸಭೆ ತೊರೆದವರಿಗೆ ಮದುವೆಯ ವಿಷಯದಲ್ಲಿ 1983ರಲ್ಲಿ ಇದ್ದ ವಿನಾಯಿತಿಯನ್ನು 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತೆಗೆದುಹಾಕಿದರು. ಹಾಗಾಗಿ ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಬರೀ ರಿಜಿಸ್ಟ್ರಾರ್ ಕಚೇರಿಯಲ್ಲಿ ಆದ ಕ್ಯಾಥೊಲಿಕರ ಮದುವೆ ಕಾನೂನಿಗೆ ಮದುವೆ, ಚರ್ಚಿಗೆ ಅಲ್ಲ. ಇಂಥದ್ದನ್ನು ಅಸಿಂಧು ಎನ್ನಲು ದೀರ್ಘ ವಿಚಾರಣೆಯೂ ಬೇಕಿಲ್ಲ, ದಾಖಲೆ ಪರಿಶೀಲನೆಯೇ ಸಾಕು.

ಚರ್ಚಿನಲ್ಲೇ ಆದ ಮದುವೆಯ ದಾರಿ ಬೇರೆ. ಮದುವೆ ನಡೆದ ಊರಿನ ಅಥವಾ ದಂಪತಿಯಲ್ಲಿ ಒಬ್ಬರು ವಾಸಿಸುವ ಧರ್ಮಪ್ರಾಂತ್ಯದ (ಬಿಷಪ್‌ರ ಆಡಳಿತ ವ್ಯಾಪ್ತಿಯ) ಚರ್ಚ್ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಅಲ್ಲಿ ಸಾಬೀತಾಗಬೇಕಾದ್ದು ಆಮೇಲಿನ ಜಗಳವಲ್ಲ, ಒಪ್ಪಿಗೆ ಹೇಳಿದ ಆ ದಿನ ಇದ್ದ ದೋಷ: ಬಲವಂತ, ಮೋಸ, ಅಥವಾ 1095ನೇ ಕ್ಯಾನನ್ ಹೇಳುವ ಮಾನಸಿಕ ಅಸಾಮರ್ಥ್ಯ. ಹೆಚ್ಚಿನವರು ಎಡವುವುದು ಇಲ್ಲೇ. ಹತ್ತು ವರ್ಷಗಳ ಸಂಕಟವನ್ನು ಪುಟಗಟ್ಟಲೆ ಬರೆದು, ಮದುವೆಗೆ ಮುಂಚಿನ ತಿಂಗಳುಗಳ ಬಗ್ಗೆ ಎರಡು ಸಾಲನ್ನೂ ಬರೆದಿರುವುದಿಲ್ಲ. ಮದುವೆ ಉಳಿಯಬೇಕೆಂದು ವಾದಿಸಲು ಬಂಧನ ರಕ್ಷಕ ಎಂಬ ಅಧಿಕಾರಿಯೇ ಇರುತ್ತಾರೆ. ಹಿಂದೆ ಎರಡು ನ್ಯಾಯಾಲಯಗಳು ಒಂದೇ ತೀರ್ಪು ಕೊಡಬೇಕಿತ್ತು. ಪೋಪ್ ಫ್ರಾನ್ಸಿಸ್ ತಂದ ಬದಲಾವಣೆಯಿಂದ 2015ರ ಡಿಸೆಂಬರ್ 8ರ ಬಳಿಕ ಒಂದೇ ಸಾಕು. ಮೇಲ್ಮನವಿಗೆ 15 ದಿನ. ತಮ್ಮ ಮಕ್ಕಳು ಅಕ್ರಮ ಸಂತಾನವಾಗುತ್ತಾರೆಂಬ ಭಯದಿಂದ ಅರ್ಜಿಯನ್ನೇ ಹಾಕದ ತಾಯಂದಿರಿಗೆ 1137ನೇ ಕ್ಯಾನನ್ ಓದಿ ಹೇಳಬೇಕು: ಒಬ್ಬರಾದರೂ ದೋಷ ತಿಳಿಯದೆ ಸದ್ಭಾವದಿಂದ ಮದುವೆಯಾಗಿದ್ದರೆ ಮಕ್ಕಳು ಸಕ್ರಮವೇ.

ಸಿವಿಲ್ ಕಾನೂನಿನ ಬಾಗಿಲು ಬಹುಕಾಲ ಇಕ್ಕಟ್ಟಾಗಿತ್ತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡ ಪರಸ್ತ್ರೀ ಸಂಗ ಮಾಡಿದನೆಂಬುದಷ್ಟೇ ಹೆಂಡತಿಗೆ ಸಾಲುತ್ತಿರಲಿಲ್ಲ, ಕ್ರೌರ್ಯ, ಪರಿತ್ಯಾಗದಂಥ ಇನ್ನೊಂದು ಕಾರಣವೂ ಅದಕ್ಕೆ ಸೇರಬೇಕಿತ್ತು. ಜಿಲ್ಲಾ ನ್ಯಾಯಾಧೀಶರ ಡಿಕ್ರಿಯನ್ನು ಹೈಕೋರ್ಟ್ ದೃಢೀಕರಿಸಬೇಕಿತ್ತು. ಇಷ್ಟೆಲ್ಲ ಅಲೆಯಲಾರದವರಿಗೆ ಚರ್ಚಿನ ಕಾಗದವೇ ಬಿಡುಗಡೆಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. 2001ರ ತಿದ್ದುಪಡಿ ಇದನ್ನು ಸರಿಪಡಿಸಿ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ 10ಎ ಕಲಂನಲ್ಲಿ ಜಾಗ ಕೊಟ್ಟಿತು. ಆದರೆ ಅದೇ ಕಾಯ್ದೆಯ 19ನೇ ಕಲಂ ಮದುವೆ ಅಸಿಂಧುವಾಗಲು ಕೊಡುವ ಕಾರಣಗಳು ಚರ್ಚಿನ ಕಾರಣಗಳಿಗಿಂತ ಕಿರಿದು. ಚರ್ಚ್ ಕೋರ್ಟಿನಲ್ಲಿ 1095ನೇ ಕ್ಯಾನನ್ ಅಡಿ ಗೆದ್ದವರಿಗೂ ಸಿವಿಲ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಉಳಿಯುವುದು ವಿಚ್ಛೇದನವೇ.

ಮರುಮದುವೆಗೆ ಚರ್ಚ್ ತೀರ್ಪು, ಸಿವಿಲ್ ಡಿಕ್ರಿ ಎರಡೂ ಬೇಕು ಎಂಬುದನ್ನು ಕ್ಯಾನನ್ ಕಾನೂನೇ ಬಲ್ಲದು. ಸಿವಿಲ್ ಕಾನೂನು ಮಾನ್ಯ ಮಾಡದ ಮದುವೆಯನ್ನು ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ನಡೆಸಬಾರದು ಎನ್ನುತ್ತದೆ 1071ನೇ ಕ್ಯಾನನ್. ಚರ್ಚ್ ತೀರ್ಪು ಅಂತಿಮವಾದ ಮೇಲೆ ದೀಕ್ಷಾಸ್ನಾನ ಪಡೆದ ಚರ್ಚಿನ ದಾಖಲೆ ಪುಸ್ತಕದಲ್ಲಿ, ಹಳೆಯ ಮದುವೆ ನಮೂದಾಗಿರುವ ಆ ಹೆಸರಿನ ಪಕ್ಕದಲ್ಲೇ, ಅದನ್ನೂ ಬರೆಸಬೇಕು. ಕಪಾಟಿನಲ್ಲಿರುವ ಬಾಲ್ಯದ ದೀಕ್ಷಾಸ್ನಾನದ ಪ್ರಮಾಣಪತ್ರ ಉಪಯೋಗಕ್ಕೆ ಬಾರದು. ಹೊಸ ಟಿಪ್ಪಣಿ ಸೇರಿದ ಪ್ರತಿಯನ್ನೇ ಪಡೆದು, ಜಿಲ್ಲಾ ಕೋರ್ಟಿನ ಡಿಕ್ರಿಯ ಜೊತೆಗೆ ಗುರುಗಳ ಮುಂದಿಡಬೇಕು.