ಮೈಕಿಲ್ಲದ ಗಂಟಲು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ಸುಮಾರು 3,800 ಸೀಟುಗಳಿವೆ. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ವೇದಿಕೆಯ ಮುಂದಿನ ತಗ್ಗಿನಲ್ಲಿ ವಾದ್ಯಗಾರರ ದಂಡು. ಜರ್ಮನ್ ಸಂಗೀತಗಾರ ವಾಗ್ನರನ ಒಪೆರಾ ಆದರೆ 80ಕ್ಕೂ ಜಾಸ್ತಿ ಮಂದಿ. ಅವರೆಲ್ಲರ ಆಚೆ ನಿಂತು ಒಬ್ಬ ಹಾಡುತ್ತಾನೆ. ಮೈಕ್ ಇಲ್ಲ. ಆದರೂ ಕಟ್ಟಕಡೆಯ ಬಾಲ್ಕನಿಗೆ ಅವನ ದನಿ ಕೇಳುತ್ತದೆ.

ಜೋರಾಗಿ ಕೂಗುತ್ತಾನೆ ಅಂದುಕೊಂಡರೆ ತಪ್ಪು. ಅಷ್ಟು ವಾದ್ಯಗಳ ಮುಂದೆ ಕೂಗಿ ಗೆಲ್ಲೋಕಾಗಲ್ಲ, ಗಂಟಲು ಹೋಗುತ್ತದೆ ಅಷ್ಟೇ.

ಮೆಜೆಸ್ಟಿಕ್ಕಿನ ಗದ್ದಲದಲ್ಲೂ ಕಂಡಕ್ಟರ್ ವಿಷಲ್ ಕೇಳಿಸುತ್ತದೆ, ಅಲ್ವಾ? ಬಸ್ಸುಗಳ ಗುರ್ ಸದ್ದು ಕೆಳಗಿನ ಸ್ವರದಲ್ಲಿರುತ್ತದೆ, ವಿಷಲ್ ಅದಕ್ಕಿಂತ ತುಂಬಾ ಮೇಲೆ. ಇಲ್ಲೂ ಹಾಗೇ. ಆರ್ಕೆಸ್ಟ್ರಾದ ಶಕ್ತಿ ಹೆಚ್ಚಾಗಿ 500 ಹರ್ಟ್ಸ್ (ಅಂದರೆ ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿದ್ದು, ಮೇಲೆ ಹೋದಂತೆ ಕಡಿಮೆಯಾಗುತ್ತದೆ. ಪಳಗಿದ ಗಾಯಕನ ದನಿ ಮಾತ್ರ 3,000 ಹರ್ಟ್ಸ್ ಹತ್ತಿರ ಮತ್ತೆ ದಿಬ್ಬದಂತೆ ಏಳುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವುದೂ ಹೆಚ್ಚುಕಮ್ಮಿ ಅಲ್ಲೇ. ಈ ದಿಬ್ಬ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಸ್ವೀಡನ್ನಿನ ಧ್ವನಿ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ವಿವರಿಸಿದರು. ಕತ್ತಿನ ಮುಂದಿನ ಗಂಟನ್ನು ಮುಟ್ಟಿಕೊಂಡು ಒಮ್ಮೆ ಆಕಳಿಸಿ ನೋಡಿ, ಅದು ಕೆಳಗಿಳಿಯುತ್ತದೆ. ಗಾಯಕ ಹಾಡುವಾಗಲೂ ಧ್ವನಿಪೆಟ್ಟಿಗೆಯನ್ನು ಹಾಗೇ ಕೆಳಗಿಟ್ಟು, ಮೇಲಿನ ಗಂಟಲನ್ನು ಅಗಲ ಮಾಡಿಕೊಳ್ಳುತ್ತಾನೆ. ಆಗ ಧ್ವನಿಪೆಟ್ಟಿಗೆಯ ಕಿರಿದಾದ ಬಾಯಿ, ಪುಟ್ಟ ಕೊಳವೆಯಂತೆ ತನ್ನದೇ ಸ್ವರಕ್ಕೆ ಮೊಳಗುತ್ತದೆ. ಇದು ರೂಢಿಯಾಗಲು ವರ್ಷಗಳೇ ಬೇಕು.

ಸೊಪ್ರಾನೊ, ಅಂದರೆ ತುಂಬಾ ಎತ್ತರದ ದನಿಯಲ್ಲಿ ಹಾಡುವ ಹೆಂಗಸರ ದಾರಿಯೇ ಬೇರೆ. ಅವರ ಮೇಲಿನ ಸ್ವರಗಳು 1,000 ಹರ್ಟ್ಸ್ ದಾಟುತ್ತವೆ. ದನಿ ತುಂಬಿ ಬರಬೇಕಾದರೆ ಬಾಯಿ ಅಗಲವಾಗಿ ತೆರೆಯಲೇಬೇಕು. ಆಗ 'ಇ' ಆಗಲಿ 'ಉ' ಆಗಲಿ, ಎಲ್ಲವೂ 'ಆ' ತರಹವೇ ಕೇಳುತ್ತವೆ. ಪದ ತಿಳಿಯಲಿಲ್ಲ ಅಂತ ಹಾಡುಗಾರ್ತಿಯನ್ನು ಬೈಯುವುದು ಅನ್ಯಾಯ. 1983ರಲ್ಲಿ ಟೊರೊಂಟೊದ ಒಪೆರಾ ಕಂಪನಿಯೊಂದು ವೇದಿಕೆಯ ಮೇಲುಗಡೆ ಸಾಲುಗಳ ಅನುವಾದ ತೋರಿಸಲು ಶುರುಮಾಡಿತು. ಈಗ ಎಷ್ಟೋ ಕಡೆ ಅದು ಮಾಮೂಲು.

ಇಷ್ಟಕ್ಕೆಲ್ಲ ಆಧಾರ ಧ್ವನಿಪೆಟ್ಟಿಗೆಯೊಳಗಿನ ಎರಡು ಪುಟ್ಟ ಮಾಂಸದ ಮಡಿಕೆಗಳು. ಧ್ವನಿ ತಂತುಗಳು ಅಂತೀವಲ್ಲ, ಅವೇ. ಗಂಡಸರಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಇನ್ನೂ ಚಿಕ್ಕವು. 440 ಹರ್ಟ್ಸಿನ ಸ್ವರ ಹಾಡಿದರೆ ಸೆಕೆಂಡಿಗೆ 440 ಸಲ ಒಂದಕ್ಕೊಂದು ಬಡಿಯುತ್ತವೆ. ಜೀವಂತ ಮನುಷ್ಯನಲ್ಲಿ ಅವು ಕೆಲಸ ಮಾಡುವುದನ್ನು ಚೆನ್ನಾಗಿ ಕಂಡು ಬರೆದವನು ಡಾಕ್ಟರಲ್ಲ, ಹಾಡು ಕಲಿಸುವ ಮೇಷ್ಟ್ರು. ಮಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ಹಲ್ಲಿನ ಡಾಕ್ಟರುಗಳ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಬಿಸಿಲು ಹಾಯಿಸಿ, ತನ್ನ ಗಂಟಲನ್ನೇ ನೋಡಿಕೊಂಡ. ನನಗಂತೂ ವಿಜ್ಞಾನದ ಚರಿತ್ರೆಯಲ್ಲಿ ತುಂಬಾ ಇಷ್ಟದ ಚಿತ್ರ ಇದು.

ಅಂಥ ಮಡಿಕೆಗಳನ್ನು ನಂಬಿಕೊಂಡವರ ದಿನದಲ್ಲಿ ಹಾಡಿಗಿಂತ ಮೌನವೇ ಜಾಸ್ತಿ. ಬೆಳಿಗ್ಗೆ ಎದ್ದು 'ಹ್ಮ್' ಅಂತ ಗುನುಗಿ, ದನಿ ಹೇಗಿದೆ ಅಂತ ನೋಡಿಕೊಳ್ಳುವುದು ಹಲವರ ಅಭ್ಯಾಸ. ರಿಹರ್ಸಲ್ಲಿನಲ್ಲಿ ಎಷ್ಟೋ ಸಲ ಪೂರ್ತಿ ದನಿ ತೆಗೆಯುವುದಿಲ್ಲ. ಮೇಲಿನ ಸ್ವರವನ್ನು ಕೆಳಗಿಳಿಸಿ, ಸುಮ್ನೆ ತೇಲಿಸಿ ಹಾಡುತ್ತಾರೆ. ಇದಕ್ಕೆ 'ಮಾರ್ಕಿಂಗ್' ಅಂತಾರೆ. ಪಕ್ಕದಲ್ಲಿ ನೀರಿನ ಬಾಟಲಿ ಇದ್ದೇ ಇರುತ್ತದೆ. ತಮಾಷೆ ಅಂದರೆ, ಕುಡಿದ ನೀರು ಆ ಮಡಿಕೆಗಳನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಕೆಮ್ಮು ಬರುತ್ತದೆ! ಮೈಯಲ್ಲಿ ನೀರಿನಂಶ ಸಾಕಷ್ಟಿದ್ದರೆ ಅವುಗಳ ಮೇಲಿನ ಲೋಳೆ ತೆಳ್ಳಗಿರುತ್ತದೆ. ಅವುಗಳನ್ನು ನೇರವಾಗಿ ತಲುಪುವುದು ಉಸಿರಿನ ಜೊತೆ ಎಳೆದುಕೊಂಡ ಹಬೆ.

ತಮ್ಮ ಕಿವಿಯನ್ನೂ ಅವರು ಪೂರ್ತಿ ನಂಬುವಂತಿಲ್ಲ. ನಮ್ಮ ದನಿ ನಮಗೆ ತಲೆಬುರುಡೆಯ ಮೂಲಕವೂ ಕೇಳುವುದರಿಂದ, ಸಭಾಂಗಣದಲ್ಲಿ ಕೂತವರಿಗೆ ಕೇಳುವುದೇ ಬೇರೆ. ಹೆಸರು ಮಾಡಿದವರೂ ಮೇಷ್ಟ್ರ ಮುಂದೆ ನಿಲ್ಲುವುದು ಅದಕ್ಕೇ.

ನೆಗಡಿ ಬಂದರೆ ಫಜೀತಿ. ಸಂಬಳದ ಕೆಲಸದಲ್ಲಿ ಇಲ್ಲದವರಿಗೆ ಸಾಮಾನ್ಯವಾಗಿ ಹಾಡಿದರಷ್ಟೇ ದುಡ್ಡು. ಹಾಡಿದರೆ ಗಂಟಲಿಗೆ ಪೆಟ್ಟು, ಬಿಟ್ಟರೆ ಜೇಬಿಗೆ. ಅದೇ ಪಾತ್ರ ಕಲಿತ ಇನ್ನೊಬ್ಬರು ಕರೆ ಬಂದರೆ ಓಡಿಬರಲು ಸಿದ್ಧರಾಗಿಯೇ ಇರುತ್ತಾರೆ.

ರಾತ್ರಿ ಪರದೆ ಬೀಳುವಾಗ 11 ಗಂಟೆ. ಹಾಡುವ ಮುಂಚೆ ಹೊಟ್ಟೆ ತುಂಬ ತಿಂದಿರುವುದಿಲ್ಲ, ಈಗ ಹಸಿವು ಚುರುಗುಟ್ಟುತ್ತದೆ. ತಿಂದು ತಕ್ಷಣ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೆ ಏರಿ, ಅದೇ ಮಡಿಕೆಗಳನ್ನು ಸುಡುತ್ತದೆ. ಹಾಗಾಗಿ ಚಪ್ಪಾಳೆ ಮುಗಿದ ಮೇಲೆ ಏನೋ ಒಂದಿಷ್ಟು ತಿಂದು, ಎರಡು ಗಂಟೆ ಹೊತ್ತು ನಿದ್ದೆ ತಡೆದುಕೊಂಡು ಕೂತಿರಬೇಕು.